ನೂರಾ ಹದಿಮೂರನೆಯ ಪುಟ

ಶಹಾಪುರ
3 ನವೆಂಬರ್ 2024

ಪ್ರೀತಿಯ ಮಹಾನಂದಾ,

‘ದಾಟಿದವರನ್ನು ಹೊಳೆ ಎಣಿಸುವುದಿಲ್ಲ, ದಾಟಿಸಿದವಳನ್ನು...’ ಈ ಸಾಲು ಎಲ್ಲಿಯದು? ಬೆಳಗಿನಿಂದ ನಾಲಿಗೆಯ ತುದಿಯಲ್ಲಿ ಕೂತಿದೆ, ಉಳಿದರ್ಧ ಬರುತ್ತಿಲ್ಲ. ದಾಟಿಸಿದವಳನ್ನು ಏನು ಮಾಡುತ್ತದೆ? ಎಂ.ಎ. ಓದುವಾಗಿನ ಟಿಪ್ಪಣಿಗಳನ್ನು ಅಟ್ಟದಿಂದ ಇಳಿಸಿ ನೋಡಿದೆ, ಸಿಗಲಿಲ್ಲ. ಹುಡುಕುತ್ತ ಹುಡುಕುತ್ತ ಮೊದಲರ್ಧದ ಮೇಲೂ ಅನುಮಾನ ಬಂತು. ಹೊಳೆ ಎಣಿಸುವುದಿಲ್ಲವೆಂದು ಯಾರು ಕಂಡರು? ದಂಡೆಯ ಮೇಲೆ ಕೂತವರಿಗೆ ಹಾಗೆ ಅನ್ನಿಸಬಹುದು, ಅಷ್ಟೇ.

ಇಂದು ಭಾನುವಾರ. ನಾಲ್ವರೂ ಆಟಕ್ಕೆ ಮನೆಗೆ ಬಂದಿದ್ದರು. ಫಿರೋಜ್ ತನ್ನ ಝೆರಾಕ್ಸ್ ಅಂಗಡಿಯ ಶಟರ್ ಎಳೆದು ಮಿರ್ಚಿ ಭಜಿಯ ಪೊಟ್ಟಣದೊಂದಿಗೆ ಬಂದ. ಹುಲಗಪ್ಪ ಬಸ್ ಡಿಪೋದ ಗ್ರೀಸನ್ನು ಉಗುರಿನಲ್ಲಿ ಉಳಿಸಿಕೊಂಡೇ ಬಂದ. ಅವನ ಹೆಂಡತಿ ಭೀಮಮ್ಮ ರೊಟ್ಟಿಯ ಗಂಟು ತಂದಿದ್ದಳು. ಉಮಾಶ್ರೀ ಯಾದಗಿರಿಯ ಬಸ್ ತಡವಾಯಿತೆಂದು ಓಡುತ್ತ ಬಂದಳು. ವಾರವೆಲ್ಲ ಬ್ಯಾಂಕಿನ ಗಾಜಿನ ಹಿಂದೆ ಕೂತವಳು ಭಾನುವಾರ ಮಾತ್ರ ನಮ್ಮ ಆಟದ ಮಾವುತಳಾಗುತ್ತಾಳೆ. ನಿನ್ನ ಕುರ್ಚಿ ಖಾಲಿ ಇತ್ತು.

ಐದು ವರ್ಷದ ಹಿಂದಿನ ದಿನ ನೆನಪಾಯಿತು. ಯಾರೋ ಪ್ರಿಂಟ್ ಹಾಕಿಸಿ, ಒಯ್ಯಲು ಬಾರದೆ ಬಿಟ್ಟುಹೋದ ಇಂಗ್ಲಿಷ್ ಹಾಳೆಗಳ ಕಟ್ಟನ್ನು ಫಿರೋಜ್ ನನ್ನ ಗ್ರಂಥಾಲಯಕ್ಕೆ ಹೊತ್ತು ತಂದಿದ್ದ. “ಮೇಡಂ, ನೀವ್ ಓದಾಕಿ. ಇದ ಕಥಿನೋ ಆಟಾನೋ ಒಂದೀಟ ಹೇಳ್ರಿ” ಅಂದ. ಓದಿದೆ. ಎರಡೂ ಹೌದು. ಒಬ್ಬಳು ಊರು, ಕೋಟೆ, ಮಳೆ, ಮುಚ್ಚಿದ ಬಾಗಿಲು ಹೇಳುತ್ತಾಳೆ. ಉಳಿದವರು ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ. ಪುಸ್ತಕ ಕೇಳಿದ ಇಪ್ಪತ್ತು ಮುಖದ ದಾಳ ಶಹಾಪುರದಲ್ಲಿ ಎಲ್ಲಿ ಸಿಗಬೇಕು? ಐದು ಕವಡೆ ಹಿಡಿದೆವು. ಮೂರು ಅಂಗಾತ ಬಿದ್ದರೆ ಆಯಿತು, ಇಲ್ಲದಿದ್ದರೆ ಇಲ್ಲ. ನಿಯಮಗಳನ್ನು ನಾನು ಕನ್ನಡದಲ್ಲಿ ಬರೆದೆ, ಫಿರೋಜ್ ಎಲ್ಲರಿಗೂ ಝೆರಾಕ್ಸ್ ಮಾಡಿದ. ಹುಲಗಪ್ಪ ಮಂತ್ರಿಯಾದ, ಫಿರೋಜ್ ಕಳ್ಳ, ಭೀಮಮ್ಮ ನಾಟಿ ವೈದ್ಯೆ, ನೀನು ಹರಿಗೋಲಿನ ಹೊನ್ನಿ, ಕಥೆ ಹೇಳುವವಳು ನಾನು.

ಆ ಹೊನ್ನಿ ಈಗ ನಡುಹೊಳೆಯಲ್ಲಿದ್ದಾಳೆ. ಜೂನಿನಲ್ಲಿ ನಿನಗೆ ಕಕ್ಕೇರಾದ ಶಾಲೆಗೆ ವರ್ಗವಾದ ವಾರ ಎಲ್ಲಿ ನಿಂತಿದ್ದೆವೋ ಅಲ್ಲೇ. ಮಂಜು ಇದೆ, ಆಚೆಯ ದಂಡೆಯಲ್ಲಿ ಯಾರೋ ದೀಪ ಆಡಿಸುತ್ತಿದ್ದಾರೆ. ನಾಲ್ವರು ಈಚೆ ಕಾಯುತ್ತಿದ್ದಾರೆ. ನಿನ್ನ ಬದಲು ಕವಡೆ ಚೆಲ್ಲಲು ಯಾರೂ ಒಪ್ಪಲಿಲ್ಲ. ಮೇಜಿನ ಮಾತು ಫೋನಿನಲ್ಲಿ ಆಡಬಾರದೆಂಬ ಕಟ್ಟಳೆ ನಾವೇ ಮಾಡಿಕೊಂಡದ್ದು; ಅದಕ್ಕೇ ಈ ಪತ್ರ. ಹೊನ್ನಿ ಏನು ಮಾಡುತ್ತಾಳೆ?

ಇನ್ನೊಂದು ಮಾತು, ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಶುಕ್ರವಾರ ನಮ್ಮ ಓಣಿಯಲ್ಲಿ ಬಸುರಿಯೊಬ್ಬಳ ಉಡಿ ತುಂಬುವ ಕುಬಸ ಇತ್ತು. ಹಾಡು ಕೇಳಿಸಿದ ಕೂಡಲೇ ನಾನು ಎದ್ದು ಹಿತ್ತಲಿಗೆ ಹೋಗಿ ತೊಗರಿ ಹಸನು ಮಾಡುತ್ತ ಕೂತೆ. ಗೋಡೆಯಾಚೆ ಪಕ್ಕದ ಮನೆಯ ಗೊಲ್ಲಾಳಮ್ಮತ್ತೆಯೂ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. ನಮ್ಮವರು ತೀರಿಕೊಂಡ ಹನ್ನೊಂದನೆಯ ದಿನ ಇದನ್ನು ನನಗೆ ಕಲಿಸಿದವರು ಅವರೇ. “ಇನ್ನ ಮ್ಯಾಲ ಯಾರದರ ಉಡಿ ತುಂಬೂ ಹೊತ್ನಾಗ ನಾವು ಹಿತ್ತಲದಾಗ ಏನರ ಕೆಲಸಾ ಹಚಗೊಂಡು ಕುಂದರಬೇಕವ್ವಾ. ಎದ್ದ ಹೋಗು ಅಂತ ಮಂದಿ ಅನ್ನೂಕಿಂತ ಮೊದಲ.” ಅವರ ಗಂಡ ಹೋಗಿ ಆಗಲೇ ಹದಿನಾರು ವರ್ಷವಾಗಿತ್ತು. ಸಿಟ್ಟಿನಿಂದ ಹೇಳಲಿಲ್ಲ, ಒಲೆ ಹೊತ್ತಿಸುವುದನ್ನು ಕಲಿಸುವ ಹಾಗೆ ಕಲಿಸಿದರು. ಈಗ ಆರು ವರ್ಷವಾಯಿತು, ನನ್ನ ಕಾಲಿಗೆ ಅದು ಪಾಠವಾಗಿದೆ.

ಕಿಟಕಿಯಾಚೆ, ಮಲಗಿದ ಬುದ್ಧನ ಹಾಗೆ ಕಾಣುವ ನಮ್ಮ ಗುಡ್ಡ ನೀಲಿಯಾಗುತ್ತಿದೆ. ಬರೆ.

ನಿನ್ನ ಅಕ್ಕ,
ಶಾಂಭವಿ


ಕಕ್ಕೇರಾ
14 ನವೆಂಬರ್ 2024

ಪ್ರೀತಿಯ ಅಕ್ಕನವರಿಗೆ ನಮಸ್ಕಾರಗಳು.

ಇಂದು ಮಕ್ಕಳ ದಿನಾಚರಣೆ. ಬೆಳಗಿನಿಂದ ಎಪ್ಪತ್ತು ಹುಡುಗಿಯರ ಜಡೆ ಹಾಕಿ ಕೈ ಸೋತಿದೆ. ಅಕ್ಷರ ಡೊಂಕಾದರೆ ಬೈಯಬೇಡಿ.

ಆ ಸಾಲು ನನಗೂ ಎಲ್ಲೋ ಕೇಳಿದ ಹಾಗಿದೆ. ಪುಸ್ತಕದಲ್ಲಿ ಓದಿದ್ದಂತೂ ಅಲ್ಲ. ಹುಡುಕಿ ಹೇಳುತ್ತೇನೆ.

ಹಿತ್ತಲಿನ ಮಾತನ್ನು ಮೂರು ಸಲ ಓದಿದೆ. ಐದು ವರ್ಷ ನಿಮ್ಮ ಮೇಜಿಗೆ ಕೂತೆ, ನೀವು ನನ್ನನ್ನು ಎಷ್ಟೋ ಊರು ಸುತ್ತಿಸಿದಿರಿ, ಆದರೆ ಆ ಹಿತ್ತಲಿಗೆ ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ. ನನಗೊಂದು ವಿಚಾರ ಬಂದಿದೆ. ಈಗ ಹೇಳುವುದಿಲ್ಲ.

ಇಲ್ಲಿ ಎಲ್ಲರೂ ಆರಾಮ. ಅತ್ತೆಯವರು ಆರಾಮ, ಇವರೂ ಆರಾಮ. ಶಾಲೆಯ ಕೆಲಸ ಬಹಳ, ಅದಕ್ಕೇ ಭಾನುವಾರ ಬರಲು ಆಗುತ್ತಿಲ್ಲ. ಹೊನ್ನಿಯ ಬಗ್ಗೆ ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ಹರಿಗೋಲು ತಿರುಗುತ್ತಿರಲಿ, ಮುಳುಗುವುದಿಲ್ಲ.

ನಿಮ್ಮ,
ಮಹಾನಂದಾ


ಶಹಾಪುರ
28 ನವೆಂಬರ್ 2024

ಪ್ರೀತಿಯ ಮಹಾನಂದಾ,

ನಿನ್ನ ಪತ್ರ ಬಂತು. ಚಿಕ್ಕದಾಗಿತ್ತು. ‘ಆರಾಮ’ ಎಂಬ ಮಾತು ಮೂರು ಕಡೆ ಇತ್ತು. ಅಷ್ಟು ಸಲ ಹೇಳಬೇಕಾಯಿತೇ ಎಂದುಕೊಂಡೆ, ಆಮೇಲೆ ಮಾಸ್ತರಿಕೆಯ ರೂಢಿ ಇರಬೇಕೆಂದು ಬಿಟ್ಟೆ.

ನಿನ್ನೆ ಬುಧವಾರ ಸಂಜೆ ಗ್ರಂಥಾಲಯ ಮುಗಿಸಿ ಫಿರೋಜನ ಅಂಗಡಿಯ ಮುಂದೆ ಬಂದೆ. ಶಟರ್ ಅರ್ಧ ಇಳಿದಿತ್ತು. ಕೆಳಗಿನಿಂದ ನಾಲ್ಕು ಜೊತೆ ಕಾಲು ಕಾಣುತ್ತಿದ್ದವು. ಹುಲಗಪ್ಪನ ಡಿಪೋದ ಬೂಟು, ಭೀಮಮ್ಮನ ಬೆಳ್ಳಿ ಕಾಲುಂಗುರ, ಉಮಾಶ್ರೀಯ ಹಸಿರು ಚಪ್ಪಲಿ. ಬುಧವಾರ ಯಾದಗಿರಿಯಿಂದ ಉಮಾಶ್ರೀ! ಒಳಗೆ ಭೀಮಮ್ಮನ ದನಿ: “ಆಮ್ಯಾಲ ಏನಾತು ಹೇಳ್ರಿ, ಆಕಿ ಬಾಗಲಾ ತೆಗದ್ಲೋ ಇಲ್ಲೋ?” ನಾನು ಬಗ್ಗಿ, “ಫಿರೋಜ್” ಅಂದೆ. ಮಾತು ಕತ್ತರಿಸಿದಂತೆ ನಿಂತಿತು. ಅವನು ಹೊರಗೆ ಬಂದು, “ಅರೆ ಮೇಡಂ, ಮಿಷನ್ ಕೆಟ್ಟದರಿ, ಹುಲಗಪ್ಪ ರಿಪೇರಿ ಮಾಡಾಕತ್ತಾನ” ಅಂದ. ಮಿಷನ್ನಿನ ಹಸಿರು ದೀಪ ಉರಿಯುತ್ತಿತ್ತು.

ಅಲ್ಲಿಂದ ಮನೆಗೆ ಹೇಗೆ ಬಂದೆನೋ. ಹತ್ತಿ ಹೊತ್ತ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಬೀದಿದೀಪದ ಬೆಳಕಿನಲ್ಲಿ ಬಿಳಿ ಅರಳೆ ತೇಲುತ್ತಿತ್ತು, ಊರಿಗೆ ಊರೇ ನಿದ್ದೆಯಲ್ಲಿ ನಡೆಯುತ್ತಿದ್ದ ಹಾಗೆ. ಆ ನಡುವೆ ಒಂದು ವಿಷಯ ತಿಳಿಯಾಯಿತು. ಅವರಿಗೆ ಬೇರೆ ಕಥೆ ಹೇಳುವವರು ಸಿಕ್ಕಿದ್ದಾರೆ. ಹೋದ ಭಾನುವಾರ ಹುಲಗಪ್ಪನಿಗೆ ಡ್ಯೂಟಿ ಇತ್ತು, ಉಮಾಶ್ರೀಗೆ ತಲೆನೋವು ಎಂದು ಆಟವೇ ಆಗಲಿಲ್ಲ. ಈಗ ಅರ್ಥವಾಯಿತು. ತಪ್ಪು ಅವರದಲ್ಲ. ಆರು ತಿಂಗಳಿಂದ ಒಂದೇ ಹೊಳೆಯ ದಂಡೆಯಲ್ಲಿ ಕೂರಿಸಿದ್ದೇನೆ, ಯಾರಿಗಾದರೂ ಬೇಸರ ಬಂದೀತು.

ಗೊಲ್ಲಾಳಮ್ಮತ್ತೆ ಗೋಡೆಯ ಮೇಲಿಂದ, “ಏನವ್ವಾ, ಈ ಐತಾರ ಕವಡಿ ಸಪ್ಪಳಾನ ಇಲ್ಲ! ಎಲ್ಲಾ ಸೋತು ಕುಂತೀಯೇನ?” ಎಂದು ನಕ್ಕರು. ನಾವು ಜೂಜಾಡುತ್ತೇವೆಂದು ಅವರ ನಂಬಿಕೆ. ಐದು ವರ್ಷವಾದರೂ ಬಿಡಿಸಲು ಆಗಿಲ್ಲ. “ಹೌದ್ರಿ ಅತ್ತೀ, ಸೋತೆ” ಅಂದೆ.

ನಿನಗೆ ಇದೇನಾದರೂ ಗೊತ್ತೇ? ಗೊತ್ತಿದ್ದರೆ ಹೇಳು, ನಾನು ನೊಂದುಕೊಳ್ಳುವುದಿಲ್ಲ.

ಹೊನ್ನಿ ಏನು ಮಾಡುತ್ತಾಳೆ?

ಶಾಂಭವಿ


ಕಕ್ಕೇರಾ
7 ಡಿಸೆಂಬರ್ 2024

ಅಕ್ಕ,

ನನಗೆ ಏನೂ ಗೊತ್ತಿಲ್ಲ. ಮಿಷನ್ ಕೆಟ್ಟಿರಬಹುದು. ನೀವು ನೊಂದುಕೊಳ್ಳುವುದಿಲ್ಲ ಎಂದು ಬರೆದದ್ದು ಓದಿ ಸಮಾಧಾನವಾಯಿತು. ನಿಮ್ಮ ಮನಸ್ಸು ನಿಮ್ಮ ಗುಡ್ಡದ ಬುದ್ಧನ ಹಾಗೆ, ನನಗೆ ಗೊತ್ತು.

ನನ್ನಿಂದ ಭಾನುವಾರಗಳಿಗೆ ಬರಲು ಆಗುವುದಿಲ್ಲವೇನೋ. ಈ ತಿಂಗಳು ಅಂತೂ ಇಲ್ಲ. ಹೊನ್ನಿಯ ಬದಲು ಬೇರೆ ಯಾರಾದರೂ ಹುಟ್ಟು ಹಿಡಿಯಲಿ. ಕೇಳಬೇಡಿ.

ಮಹಾನಂದಾ


ಶಹಾಪುರ
13 ಡಿಸೆಂಬರ್ 2024

ಪ್ರೀತಿಯ ಮಹಾನಂದಾ,

ಕೇಳುವುದಿಲ್ಲ.

ಮೇಜು ಎತ್ತಬೇಕೆಂದು ಮಾಡಿದ್ದೇನೆ. 22ನೇ ತಾರೀಕು ಭಾನುವಾರ ಕೊನೆಯ ಸಲ ಎಲ್ಲರೂ ಬರಲಿ ಎಂದು ಫಿರೋಜನಿಗೆ ಹೇಳಿದೆ. ಅಂದು ಕವಡೆಗಳನ್ನೂ ಹಾಳೆಗಳ ಕಟ್ಟನ್ನೂ ಅವನ ಕೈಗೆ ಕೊಟ್ಟುಬಿಡುತ್ತೇನೆ. ಬೇರೆ ಯಾರು ಕಥೆ ಹೇಳುತ್ತಾರೋ ಅವರಿಗೆ ಉಪಯೋಗವಾದೀತು. ಹೇಳಿದಾಗ ಅವನು ಅಳಲೋ ನಗಲೋ ತಿಳಿಯದವನ ಹಾಗೆ ಮುಖ ಮಾಡಿದ. “ಬರ್ತೀವ್ರಿ ಮೇಡಂ, ಖಾತ್ರಿ ಬರ್ತೀವಿ” ಅಂದ. ಬೇಡ ಎನ್ನಲಿಲ್ಲ. ಒಮ್ಮೆಯಾದರೂ ಬೇಡ ಎನ್ನುತ್ತಾನೆಂದು ನಾನು ನಿಂತಿದ್ದೆ.

ನಿನಗೆ ಸುಳ್ಳು ಬರೆದಿದ್ದೆ. ನೊಂದಿದ್ದೇನೆ. ಈ ಆಟಕ್ಕಿಂತ ಮೊದಲಿನ ಒಂದು ವರ್ಷ ಈ ಮನೆ ಹೇಗಿತ್ತೆಂದು ನಿನಗೆ ಗೊತ್ತಿಲ್ಲ. ಗ್ರಂಥಾಲಯದಲ್ಲಿ ‘ಸಹಿ ಮಾಡಿ’, ‘ಇಲ್ಲಿ ಇಡಿ’ ಎಂಬ ಎರಡು ಮಾತು ಆಡಿ ಬಂದು ಬಾಗಿಲು ಹಾಕಿಕೊಂಡರೆ ಮರುದಿನದವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಭಾನುವಾರದ ಮೂರು ತಾಸಿನಿಂದ ಉಳಿದ ಆರು ದಿನಕ್ಕೆ ಉಸಿರು ಸಿಗುತ್ತಿತ್ತು. ದೋಸೆ ತಿರುವುವಾಗಲೂ ನಿಮಗೆ ಮುಂದೆ ಯಾವ ಬಾಗಿಲು ಇಡಲಿ ಎಂದು ಯೋಚಿಸುತ್ತಿದ್ದೆ. ಅದು ಹೋದರೆ ನನಗೆ ಮತ್ತೆ ಆ ಮೊದಲಿನ ಮನೆಯೇ ಉಳಿಯುತ್ತದೆ.

ಹಾಳೆಗಳನ್ನು ಕಟ್ಟುವಾಗ ಒಂದು ಪುಟ ಕೈಗೆ ಬಂತು. ನೂರಾ ಹದಿಮೂರನೆಯದು. ಅದನ್ನು ನಾನು ನಿಮಗೆ ಕನ್ನಡ ಮಾಡಿ ಕೊಡಲೇ ಇಲ್ಲ, ಪುಸ್ತಕದಲ್ಲಿ ಇಟ್ಟು ಮರೆತಿದ್ದೆ ಎಂದುಕೊಂಡಿದ್ದೆ. ಮರೆತಿರಲಿಲ್ಲ. ಅದರಲ್ಲಿ, ಆಟ ನಡೆಸುವವರನ್ನು ಆಡುವವರು ಹೇಗೆ ನೆನೆಯಬೇಕು ಎಂದು ಬರೆದಿದೆ. ವೇಳೆಗೆ ಸರಿಯಾಗಿ ಬನ್ನಿ, ತಿನ್ನಲು ತನ್ನಿ, ಅವರು ಕಟ್ಟಿದ ಊರಿನ ಬಗ್ಗೆ ಆಟ ಮುಗಿದ ಮೇಲೂ ಕೇಳಿ, ಇಷ್ಟವಾದದ್ದನ್ನು ಬಾಯಿ ಬಿಟ್ಟು ಹೇಳಿ. ಕೊನೆಗೆ, ಎಂದಾದರೂ ಒಂದು ದಿನ ಅವರನ್ನು ಕೂರಿಸಿ ನೀವು ಆಟ ನಡೆಸಿ, ಅವರೂ ಆಡಲಿ. ಇಂಥದ್ದನ್ನು ನಾನೇ ಬರೆದು ನಿಮ್ಮ ಕೈಗೆ ಕೊಡುವುದು ಹೇಗೆ? ‘ನನ್ನನ್ನು ಹೊಗಳಿ’ ಎಂದು ಕೈಚಾಚಿದ ಹಾಗಲ್ಲವೇ? ನಮ್ಮಲ್ಲಿ ಮನೆಯವರಿಗೆ ಧನ್ಯವಾದ ಹೇಳಿದರೆ ಹೊರಗಿನವರನ್ನಾಗಿ ಮಾಡಿದ ಹಾಗೆ. ಅದಕ್ಕೇ ಎತ್ತಿಟ್ಟೆ.

ನೀವು ಯಾರೂ ಏನೂ ಹೇಳಲಿಲ್ಲ ಎಂದೂ ಅಲ್ಲ. ಆಟದ ದಿನ ನನ್ನ ಮನೆಯಲ್ಲಿ ನಾನು ಒಲೆ ಹಚ್ಚುವಂತಿಲ್ಲ ಎಂಬುದು ಭೀಮಮ್ಮನ ಕಾನೂನು: “ಕಥಿ ಹೇಳಾಕಿ ಕೈ ನೀರಾಗ ಇರಬಾರದ್ರಿ, ಗಾಳ್ಯಾಗ ಇರಬೇಕು.” ಎರಡು ವರ್ಷದ ಹಿಂದೆ ನನಗೆ ಜ್ವರ ಬಂದಾಗ ಹುಲಗಪ್ಪ ಬಾಗಿಲಲ್ಲೇ ನಿಂತು, “ಮೇಡಮ್ಮಾರ, ಆ ರಾಜಾ ಇನ್ನೂ ಬದುಕ್ಯಾನಲ್ರಿ? ಅಷ್ಟ ಹೇಳ್ರಿ, ಹೊಕ್ಕೀನಿ” ಅಂದಿದ್ದ. ಇವೆಲ್ಲ ಏನೆಂದು ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುವ ಹೊತ್ತಿಗೆ ಮುಗಿಯುತ್ತಿದೆ.

22ಕ್ಕೆ ಬಾ. ಆಡಬೇಡ, ಸುಮ್ಮನೆ ನಿನ್ನ ಕುರ್ಚಿಯಲ್ಲಿ ಕೂತು ಹೋಗು.

ಶಾಂಭವಿ


ಕಕ್ಕೇರಾ
20 ಡಿಸೆಂಬರ್ 2024

ಪ್ರೀತಿಯ ಅಕ್ಕ,

ಈ ಪತ್ರ ನಿಮ್ಮ ಕೈ ಸೇರುವಾಗ ಭಾನುವಾರ ಮುಗಿದಿರುತ್ತದೆ. ಅದಕ್ಕೇ ಇಂದು ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ಅವರ ಗುಟ್ಟು ಒಡೆಯುತ್ತಿತ್ತು, ಬರೆಯದೇ ಇದ್ದದ್ದರಿಂದ ನಿಮ್ಮ ಎದೆ ಒಡೆಯಿತು. ಹದಿಮೂರರ ಪತ್ರವನ್ನು ಓದಿ ಶಾಲೆಯ ಅಡುಗೆಮನೆಯ ಹಿಂದೆ ನಿಂತು ಅತ್ತೆ.

ಬೇರೆ ಕಥೆ ಹೇಳುವವರು ಯಾರೂ ಇಲ್ಲ. ನಿಮ್ಮ ನೂರಾ ಹದಿಮೂರನೆಯ ಪುಟ ಅಕ್ಟೋಬರಿನಲ್ಲೇ ಸಿಕ್ಕಿಬಿದ್ದಿದೆ. ನೀವು ಕನ್ನಡ ಮಾಡುವಾಗ ಪ್ರತಿ ಹಾಳೆಯ ಅಂಚಿಗೆ ಇಂಗ್ಲಿಷಿನ ಪುಟಸಂಖ್ಯೆ ಬರೆಯುತ್ತಿದ್ದಿರಿ. ಫಿರೋಜ್ ಕಟ್ಟು ಹೊಸದಾಗಿ ಬೈಂಡ್ ಮಾಡಲು ಹೋಗಿ ನೋಡಿದರೆ ನೂರಾ ಹನ್ನೆರಡರ ಮುಂದೆ ನೂರಾ ಹದಿನಾಲ್ಕು. ಝೆರಾಕ್ಸಿನವನ ಕಣ್ಣು, ಅಕ್ಕ! ಅವನಿಗೆ ಅಕ್ಷರ ತಪ್ಪಿದರೆ ತಿಳಿಯುವುದಿಲ್ಲ, ಪುಟ ತಪ್ಪಿದರೆ ನಿದ್ದೆ ಬರುವುದಿಲ್ಲ. ಐದು ವರ್ಷದ ಹಿಂದಿನ ಫೈಲು ಕಂಪ್ಯೂಟರಿನಲ್ಲೇ ಇತ್ತು. ಆ ಒಂದು ಪುಟ ತೆಗೆದು ಫೋನಿಗೆ ತೋರಿಸಿ ಓದಿಸಿದ. ಫೋನು ಹೇಳಿದ ಕನ್ನಡ ಕೇಳಿ ಎಲ್ಲರೂ ನಕ್ಕರಂತೆ: ‘ಆಟದ ಯಜಮಾನನಿಗೆ ನಿಮ್ಮ ತಿಂಡಿಗಳನ್ನು ಅನುಭವಿಸಲು ಬಿಡಿ.’ ಆಮೇಲೆ ಹುಲಗಪ್ಪ, “ಇದನ್ನ ಯಾಕ ಮುಚ್ಚಿಟ್ಟಾರ ಅವರು?” ಅಂದನಂತೆ. ಭೀಮಮ್ಮ, “ಕೇಳಿ ಇಸಗೊಳ್ಳೂ ಹೆಣಮಗಳಲ್ಲ ಅಕಿ” ಅಂದಳಂತೆ. ಉಮಾಶ್ರೀ ನನಗೆ ಬರೆದು ಕೇಳಿದಳು, ನಾವು ಏನು ಮಾಡಬೇಕು ಅಕ್ಕ ಎಂದು. ಶಾಲು ಹೊದಿಸಿ ಹಾರ ಹಾಕುವುದಕ್ಕೆ ನೀವೇನು ನಿವೃತ್ತ ಹೆಡ್‌ಮಾಸ್ತರೇ?

ಆಗ ನಿಮ್ಮ ಹಿತ್ತಲಿನ ಪತ್ರ ಬಂತು. ನನಗೆ ಹೊಳೆದದ್ದು ಅದೇ: ಅಕ್ಕನ ಉಡಿ ತುಂಬೋಣ. ಅಕ್ಕಿ, ಕೊಬ್ಬರಿಯ ಜೊತೆಗೆ ಐದು ವರ್ಷದಲ್ಲಿ ಕಥೆಯೊಳಗೆ ನೀವು ನಮಗೆ ಕೊಟ್ಟ ವಸ್ತುಗಳನ್ನು ನಿಜವಾಗಿ ಮಾಡಿ ಹಾಕೋಣ. ಎಲ್ಲರೂ ಕುಣಿದರು. ನೀವು ಕೇಳಿದ್ದು, ಭೀಮಮ್ಮ ಆಟ ನಡೆಸುವುದನ್ನು ಕಲಿಯುತ್ತಿದ್ದ ದನಿ.

ಈಗ ನಾನು ಮುಚ್ಚಿಟ್ಟದ್ದು. ಇಲ್ಲಿ ಯಾರೂ ಆರಾಮ ಇಲ್ಲ. ಆಗಸ್ಟಿನಲ್ಲಿ ಇವರಿಗೆ ಎದೆನೋವು ಬಂದು ಕಲಬುರಗಿಗೆ ಒಯ್ದು ಸ್ಟೆಂಟ್ ಹಾಕಿಸಿದೆವು. ಬೀರೇಶ ಎಂದರೆ ಬಂಡೆ ಎಂದು ಊರೆಲ್ಲ ಅನ್ನುತ್ತಿತ್ತು. ಈಗ ಮೆಟ್ಟಿಲು ಹತ್ತಿದರೆ ನಾನು ಹಿಂದೆ ನಿಂತು ಉಸಿರು ಎಣಿಸುತ್ತೇನೆ. ನಿಮಗೆ ಬರೆಯಲಿಲ್ಲ. ಗಂಡನನ್ನು ಕಳೆದುಕೊಂಡವರಿಗೆ ಗಂಡನ ಎದೆನೋವು ಹೇಗೆ ಬರೆಯಲಿ?

ಉಡಿಯ ವಿಚಾರವನ್ನು ನಾನು ಖುಷಿಯಲ್ಲಿ ಅತ್ತೆಯ ಮುಂದೆ ಆಡಿದೆ. ಅವರು ಕೂಗಾಡಲಿಲ್ಲ. ನನ್ನ ಕೈ ಹಿಡಿದು ಅತ್ತರು. “ಮಂದಿ ತಪ್ಪು ಅಂತಾರೋ ಸರಿ ಅಂತಾರೋ ನಂಗ ಗೊತ್ತಿಲ್ಲವ್ವಾ. ನನಗ ಒಬ್ಬಾವ ಮಗ. ನೀ ಕೈ ಹಚ್ಚಬ್ಯಾಡ” ಅಂದರು. ನಾನು ಓದಿದವಳು, ಮಕ್ಕಳಿಗೆ ವಿಜ್ಞಾನ ಕಲಿಸುವವಳು, ಅದೆಲ್ಲ ಸುಳ್ಳು ಎಂದು ನನಗೆ ಗೊತ್ತು. ಆದರೂ ಅಂಜಿದೆ. ನಾನೇ ಹೇಳಿದ ಕೆಲಸಕ್ಕೆ ನಾನೇ ಬರುತ್ತಿಲ್ಲ. ನೀವು ‘ಹೊನ್ನಿ ಏನು ಮಾಡುತ್ತಾಳೆ’ ಎಂದು ಕೇಳಿದಾಗೆಲ್ಲ ನನಗೆ ಇದೇ ಕೇಳಿದ ಹಾಗಾಗುತ್ತಿತ್ತು. ಹೊನ್ನಿ ನಡುಹೊಳೆಯಲ್ಲಿ ಹುಟ್ಟು ಕೆಳಗಿಟ್ಟು ಕೂತಿದ್ದಾಳೆ, ಅಕ್ಕ. ಹೊಳೆಗೆ ಅಂಜಿ ಅಲ್ಲ.

ನಿಮ್ಮ ಸಾಲು ಸಿಕ್ಕಿತು. ಆಟದಲ್ಲಿ ನಡೆದದ್ದನ್ನೆಲ್ಲ ನಾನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೆನಲ್ಲ, ಅದರಲ್ಲಿದೆ. ಅದು ಯಾವ ಕವಿಯದೂ ಅಲ್ಲ. ಮೂರು ವರ್ಷದ ಹಿಂದಿನ ಒಂದು ಭಾನುವಾರ, ಹೊನ್ನಿ ಇಡೀ ದಂಡನ್ನು ದಾಟಿಸಿದಾಗ ಕೂಲಿ ಕೊಡಲು ಯಾರ ಹತ್ತಿರವೂ ಏನೂ ಇರಲಿಲ್ಲ. ಆಗ ನಮ್ಮ ಮಂತ್ರಿ ಹುಲಗಪ್ಪ ಎದ್ದು ನಿಂತು ಕೈಮುಗಿದು ಹೇಳಿದ: “ದಾಟಿದವರನ್ನ ಹೊಳಿ ಎಣಸೂದಿಲ್ಲವ್ವಾ, ದಾಟಿಸಿದಾಕೀನ ದಂಡಿ ಮರಿಯೂದಿಲ್ಲ.” ನೀವು ಆಗ ಮುಂದಿನ ಬಿರುಗಾಳಿಗೆ ಕವಡೆ ಕೂಡಿಸುತ್ತಿದ್ದಿರಿ. ಅರ್ಧ ಕೇಳಿಸಿಕೊಂಡಿದ್ದೀರಿ.

ಕ್ಷಮಿಸಿ ಎಂದು ಬರೆಯಲೂ ಅಂಜಿಕೆ.

ನಿಮ್ಮ,
ಮಹಾನಂದಾ


ಶಹಾಪುರ
25 ಡಿಸೆಂಬರ್ 2024

ನನ್ನ ಮಹಾನಂದಾ,

ನಿನ್ನ ಪತ್ರ ಸೋಮವಾರ ಮಧ್ಯಾಹ್ನ ಬಂತು, ಒಂದು ದಿನ ತಡವಾಗಿ. ಬೀರೇಶ ಹೇಗಿದ್ದಾರೆ? ಮೊದಲು ಅದನ್ನು ಬರೆ, ಆರಾಮ ಎಂಬ ಮಾತು ಬಳಸದೆ ಬರೆ. ನೀನು ಅಂಜಿದ್ದಕ್ಕೆ ನನಗೇನೂ ಬೇಸರವಿಲ್ಲ. ಅವರು ಮೆಟ್ಟಿಲು ಹತ್ತುವಾಗ ಉಸಿರು ಎಣಿಸುವ ಹೆಣ್ಣಿಗೆ ವಿಜ್ಞಾನ ನೆನಪಿರಬೇಕೆಂದು ಯಾರು ಹೇಳಿದರು? ನಾನೂ ಒಂದು ಕಾಲದಲ್ಲಿ ಎಣಿಸಿದವಳು. ನಡುಹೊಳೆಯಲ್ಲಿ ಕೂತವಳು ‘ಅಂಜಿಕೆ ಆಗಿದೆ’ ಎಂದು ದಂಡೆಗೆ ಕೂಗಿ ಹೇಳಿದರೆ ಅದೂ ಒಂದು ಹುಟ್ಟು ಹಾಕಿದ ಹಾಗೆ. ಅದಕ್ಕೆ ಕವಡೆ ಚೆಲ್ಲಬೇಕಿಲ್ಲ. ಹೊನ್ನಿ ಅಷ್ಟು ದೂರ ಬಂದಳು ಎಂದು ನಾನು ನಮ್ಮ ಕಥೆಯಲ್ಲಿ ಬರೆದುಕೊಂಡಿದ್ದೇನೆ.

ಭಾನುವಾರದ್ದು ಹೇಳುತ್ತೇನೆ. ನೀನು ಕಟ್ಟಿದ ಕಥೆ, ನೀನೇ ನೋಡಲಿಲ್ಲ.

ಕವಡೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೇಜಿನ ನಡುವೆ ಇಟ್ಟು ಕಾಯುತ್ತಿದ್ದೆ. ನಾಲ್ವರೂ ಒಟ್ಟಿಗೆ ಬಂದರು. ನಾನು ಹೇಳಬೇಕೆಂದು ಸಿದ್ಧಮಾಡಿಕೊಂಡ ಮಾತು ಬಾಯಿಗೆ ಬರುವ ಮೊದಲೇ ಭೀಮಮ್ಮ ಬಂದು ನನ್ನ ಕುರ್ಚಿಯಲ್ಲಿ ಕೂತುಬಿಟ್ಟಳು. “ನೀವು ಆ ಕಡೆ ಕುಂದರ್ರಿ. ಇವತ್ತ ಹೇಳಾಕಿ ನಾನು.” ನನ್ನನ್ನು ನಿನ್ನ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಂದ ಕಿಟಕಿ ಕಾಣುತ್ತದೆ, ಗುಡ್ಡ ಕಾಣುತ್ತದೆ. ಐದು ವರ್ಷ ನಾನು ಗುಡ್ಡಕ್ಕೆ ಬೆನ್ನು ಮಾಡಿ ಕೂತಿದ್ದೆ ಎಂದು ಆಗ ಗೊತ್ತಾಯಿತು.

ಓದು ಬಾರದ ಭೀಮಮ್ಮ ಕಣ್ಣು ಮುಚ್ಚಿ ಶುರು ಮಾಡಿದಳು. “ಒಂದ್ ಊರಾಗ ಒಬ್ಬಾಕಿ ಕಥಿ ಹೇಳಾಕಿ ಇದ್ಲು. ಆಕಿ ಮಂದಿಗೆಲ್ಲಾ ಬಾಗಲಾ ತೆಗದು ತೆಗದು ಕೊಡ್ತಿದ್ಲು, ತಾ ಮಾತ್ರ ಹೊರಗ ನಿಂದರತಿದ್ಲು. ಒಂದಿನ ಮುಂಜಾನಿ ಎದ್ದು ನೋಡ್ತಾಳ, ತನ್ನ ಮನ್ಯಾಗ ತಾ ಎಂದೂ ನೋಡಲಾರದ್ದೊಂದು ಬಾಗಲಾ ಅದ. ಒಳಗ ಹಾಡು ಕೇಳಸಾಕತ್ತದ.” ಇಲ್ಲಿ ಕಣ್ಣು ಬಿಟ್ಟು ನನ್ನನ್ನು ನೋಡಿದಳು. “ಏನ್ ಮಾಡ್ತೀರಿ?”

ಮಹಾನಂದಾ, ಆ ಪ್ರಶ್ನೆಯನ್ನು ನಾನು ನಿಮಗೆ ಎಷ್ಟು ಸಾವಿರ ಸಲ ಕೇಳಿರಬೇಕು! ನನ್ನನ್ನು ಯಾರೂ ಕೇಳಿರಲಿಲ್ಲ. ಆಟದಲ್ಲೂ ಇಲ್ಲ, ಆಟದ ಹೊರಗೂ ಇಲ್ಲ. ನಮ್ಮವರು ಹೋದ ಮೇಲೆ ಏನು ಮಾಡಬಾರದು ಎಂದು ಹೇಳಿದವರು ಬಹಳ. ಏನು ಮಾಡುತ್ತೀ ಎಂದು ಕೇಳಿದ್ದು ಭೀಮಮ್ಮ, ಮೊದಲ ಸಲ. “ಬಾಗಲಾ ತೆಗೀತೀನಿ” ಅಂದೆ. ದನಿ ನನ್ನದಲ್ಲದ ಹಾಗಿತ್ತು.

“ತೆಗದ್ರಿ. ಒಳಗ ಏನದ ನೋಡ್ರಿ” ಎಂದಳು. ಉಮಾಶ್ರೀ ಅಡುಗೆಮನೆಯಿಂದ ಮೊರ ತಂದು ಮೇಜಿನ ಮೇಲೆ ಇಟ್ಟಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಅಡಿಕೆ.

ನಾನು ಏನು ಮಾಡಿದೆ ಗೊತ್ತೇ? ಎದ್ದು ಹಿತ್ತಲಿಗೆ ಹೊರಟೆ. ಯೋಚಿಸಲೇ ಇಲ್ಲ, ಕಾಲು ತಾನೇ ಹೊರಟಿತು. ಉಡಿಯ ಮೊರ ಕಂಡರೆ ಕೆಲಸ ಹಚ್ಚಿಕೊಂಡು ಹಿತ್ತಲಲ್ಲಿ ಕೂರಬೇಕು. ಬಾಗಿಲ ಹತ್ತಿರ ಹೋಗಿ ತೊಗರಿಯ ಬುಟ್ಟಿಗೆ ಕೈ ಹಾಕಿದ್ದೆ. ಉಮಾಶ್ರೀ ಬಂದು ಅಡ್ಡ ನಿಂತಳು, ಅವಳ ಕಣ್ಣು ತುಂಬಿತ್ತು. “ಎಲ್ಲಿ ಹೊಂಟೀರಿ ಅಕ್ಕಾ? ಇದು ನಿಮ್ಮದ ಅದ.”

ಆಮೇಲೆ ಕೂತೆನೋ ಅವರೇ ಕೂರಿಸಿದರೋ. “ನನಗ ನಡಿಯೂದಿಲ್ಲಪಾ” ಅಂದೆ. ಫಿರೋಜ್ ಗಂಟು ಬಿಚ್ಚಿ ಕವಡೆಗಳನ್ನು ನನ್ನ ಅಂಗೈಗೆ ಹಾಕಿದ. “ನಡೀತದೋ ಇಲ್ಲೋ ಅನುಮಾನ ಇದ್ರ ಏನ್ ಮಾಡ್ಬೇಕಂತ ನೀವಾ ಕಲಿಸೀರಿ ಮೇಡಂ. ಚೆಲ್ರಿ.” ಚೆಲ್ಲಿದೆ. ಮೂರು ಬೀಳಬೇಕು. ಎರಡು ಬಿದ್ದವು.

ಹುಲಗಪ್ಪ ಮಂತ್ರಿಯ ಗಾಂಭೀರ್ಯದಲ್ಲಿ, “ಒಂದು ಕಮ್ಮಿ ಬಿತ್ತಲ್ಲ” ಅಂದ. ಭೀಮಮ್ಮ ಅವನ ಮೊಣಕೈಗೆ ತಿವಿದಳು. “ಸುಮ್ ಕುಂದರೋ ಶಾಣ್ಯಾ. ಇವತ್ತ ಹೇಳಾಕಿ ನಾನು. ನನ್ನ ಕಥ್ಯಾಗ ಎರಡಾದ್ರ ಸಾಕು.” ನಾನು ಐದು ವರ್ಷದಲ್ಲಿ ಒಮ್ಮೆಯೂ ಆ ನಿಯಮ ಸಡಿಲಿಸಿರಲಿಲ್ಲ. ಎಷ್ಟು ಹಗುರಾಗಿ ಸಡಿಲಿಸಿದಳು! ನನಗೆ ನಗು ಬಂತು, ನಗುತ್ತಲೇ ಸೆರಗು ಒಡ್ಡಿದೆ.

ಭೀಮಮ್ಮ ಕುಬಸದ ಖಣದ ಬದಲು ಅಂಗೈಯಗಲದ ಕರಿ ಕಂಬಳಿಯ ತುಂಡು ಹಾಕಿದಳು. ಕಥೆಯಲ್ಲಿ ನಾನು ಅವಳಿಗೆ ಕೊಟ್ಟಿದ್ದ, ಎಂಥ ಮಳೆಯಲ್ಲೂ ನೆನೆಯದ ಕಂಬಳಿ. ಅವಳ ತಮ್ಮನೇ ನೇಯ್ದು ಕೊಟ್ಟದ್ದಂತೆ. ಹುಲಗಪ್ಪ ಬಸ್ಸಿನ ಹಳೆಯ ಹಿತ್ತಾಳೆಯನ್ನು ಕಡೆದು ಮಾಡಿದ ಮಂತ್ರಿಯ ಮುದ್ರೆ. ಉಮಾಶ್ರೀ ಆನೆಯ ಕೊರಳ ಗಂಟೆ. ಫಿರೋಜ್ ಸುರಪುರದ ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದ ಕೀಲಿ. ಕಳ್ಳ ಐದು ವರ್ಷದಿಂದ ಹುಡುಕುತ್ತಿದ್ದ ಏಳು ಬಾಗಿಲಿನ ಕೋಟೆಯ ಕೀಲಿ. “ನಾನಾ ಕದ್ದಿದ್ದೆ ಮೇಡಂ, ವಾಪಸ್ ತಗೋರಿ” ಅಂದ. ಅದರ ಜೊತೆಗೆ ಒಂದು ಹಾಳೆ: ನೂರಾ ಹದಿಮೂರನೆಯ ಪುಟ, ಅವನದೇ ಕೈಬರಹದ ಕನ್ನಡದಲ್ಲಿ. ತಪ್ಪುಗಳ ಮೇಲೆ ತಪ್ಪು. ಒಂದನ್ನೂ ತಿದ್ದುವುದಿಲ್ಲ.

ಇನ್ನು ಅಕ್ಕಿ ಹಾಕಬೇಕು. ನಾಲ್ವರೂ ಬೊಗಸೆ ತುಂಬಿ ನಿಂತರು. ಆಗ ಮುಂಬಾಗಿಲ ಸಪ್ಪಳವಾಯಿತು. ಗೊಲ್ಲಾಳಮ್ಮತ್ತೆ.

“ಕವಡಿ ಸಪ್ಪಳ ಒಂದ ಸಲ ಆತು, ನಿಂತೇ ಬಿಡ್ತು. ಏನರ ಆತೇನೋ ಅಂತ...” ಎನ್ನುತ್ತ ಹೊಸ್ತಿಲ ಹತ್ತಿರ ಬಂದವರು ಅಲ್ಲೇ ನಿಂತರು. ಮೊರ ನೋಡಿದರು. ನನ್ನ ಸೆರಗು ನೋಡಿದರು. ಇಬ್ಬರು ಗಂಡಸರ ಬೊಗಸೆಯಲ್ಲಿ ಅಕ್ಕಿ ನೋಡಿದರು. ನನ್ನ ಕೈ ತಾನಾಗಿ ಸೆರಗು ಇಳಿಸಿತು. ಕಲಿಸಿದವರ ಮುಂದೆಯೇ ಪಾಠ ತಪ್ಪಿದ ಹುಡುಗಿಯ ಹಾಗೆ ನಿಂತೆ. ಅವರು ಹೊಸ್ತಿಲು ದಾಟಲಿಲ್ಲ. ಶುಭಕಾರ್ಯದ ಮನೆಯ ಹೊಸ್ತಿಲನ್ನು ಅವರು ಇಪ್ಪತ್ತೆರಡು ವರ್ಷದಿಂದ ದಾಟಿಲ್ಲ.

“ಎಷ್ಟ ಮಂದಿ ಅದೀರಿ?” ಎಂದು ಕೇಳಿದರು.

“ನಾಕ್ ಮಂದಿರಿ ಆಯಿ” ಎಂದ ಫಿರೋಜ್, ಕಳ್ಳನ ಹಾಗೆಯೇ. “ಮಹಾನಂದಕ್ಕ ಬರಬೇಕಿತ್ತು, ಬರಲಿಲ್ಲ.”

“ನಾಕ್ ಮಂದಿ ಉಡಿ ತುಂಬತಾರೇನ ಎಲ್ಲೆರ? ಐದ್ ಮಂದಿ ಆಗಬೇಕು.” ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತರು. ಹಿಂದಿನಿಂದ ಬಿಸಿಲು ಬರುತ್ತಿತ್ತು, ಮುಖ ಕಾಣಲಿಲ್ಲ. ಆಮೇಲೆ ಬಲಗಾಲು ಒಳಗಿಟ್ಟರು. ನಿನ್ನ ಜಾಗ, ಮಹಾನಂದಾ, ಅದನ್ನು ಅವರು ತುಂಬಿದರು. ನೀನು ಬಂದಿದ್ದರೆ ಅವರು ಹೊರಗೇ ಉಳಿಯುತ್ತಿದ್ದರೇನೋ. ನನ್ನ ಸೆರಗನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟರು, ಮತ್ತೆ ಉಮಾಶ್ರೀಯ ಕಡೆ ತಿರುಗಿ, ಯಾವಾಗಲೂ ಗದರಿಸುವ ದನಿಯಲ್ಲೇ ಹೇಳಿದರು:

“ಅಕ್ಕಿ ಎಲ್ಲಾ ಇಕಿ ಉಡಿಗೇ ಸುರದ್ ಬಿಡಬ್ಯಾಡ್ರೇ ಮತ್ತ. ಒಂದೀಟ ಉಳಸ್ರಿ, ನಂಗ.”